ವಿಮರ್ಶಕರೇ, ನಿಮ್ಮ ಮತ ನಿಮ್ಮದಾಗಿಯೇ ಇರಲಿ

1985ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋ ತಾನೇ ವಿತರಿಸಬೇಕಿದ್ದ ಒಂದು ಚಿತ್ರವನ್ನು ಅಮೆರಿಕದಲ್ಲಿ ಬಿಡುಗಡೆ ಮಾಡದೆ ತಡೆಹಿಡಿದಿತ್ತು. ಟೆರ್ರಿ ಗಿಲಿಯಂ ನಿರ್ದೇಶನದ ‘ಬ್ರೆಜಿಲ್’ ಅದು. ಯುರೋಪಿನಲ್ಲಿ ಆಗಲೇ ತೆರೆಕಂಡಿದ್ದರೂ, ಅಮೆರಿಕಕ್ಕಾಗಿ ಅದರ ಉದ್ದ ಕತ್ತರಿಸಬೇಕು, ಕೊನೆ ಸುಖಾಂತವಾಗಬೇಕು ಎಂಬುದು ಸ್ಟುಡಿಯೋ ಮುಖ್ಯಸ್ಥ ಸಿಡ್ ಶೀನ್‌ಬರ್ಗ್ ಹಟ. ಗಿಲಿಯಂ ಒಪ್ಪಲಿಲ್ಲ. ನನ್ನ ಚಿತ್ರ ಯಾವಾಗ ಬಿಡುಗಡೆ ಮಾಡುತ್ತೀರಿ ಎಂದು ‘ವೆರೈಟಿ’ ಪತ್ರಿಕೆಯಲ್ಲಿ ಪುಟವಿಡೀ ಜಾಹೀರಾತು ಕೊಟ್ಟು ಕೇಳಿದರು. ವಿಮರ್ಶಕರಿಗೆ ಚಿತ್ರವನ್ನು ಗುಟ್ಟಾಗಿ ತೋರಿಸಿದರು. ಆ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ಚಲನಚಿತ್ರ ವಿಮರ್ಶಕರ ಸಂಘವು ವರ್ಷದ ಅತ್ಯುತ್ತಮ ಚಿತ್ರ, ನಿರ್ದೇಶನ, ಚಿತ್ರಕಥೆ ಮೂರೂ ಪ್ರಶಸ್ತಿಗಳನ್ನು ‘ಬ್ರೆಜಿಲ್’ಗೆ ಕೊಟ್ಟಿತು. ಸ್ಟುಡಿಯೋ ಮಣಿದು ಚಿತ್ರವನ್ನು ತೆರೆಗೆ ತಂದಿತು.

ಆ ವಿಮರ್ಶಕರ ಬಳಿ ಹಣವಿರಲಿಲ್ಲ, ಚಿತ್ರಮಂದಿರಗಳೂ ಇರಲಿಲ್ಲ. ನೋಡಿದ್ದನ್ನು ನೋಡಿದ ಹಾಗೆ ಹೇಳುವ ಧೈರ್ಯವಿತ್ತು, ಅಷ್ಟೆ.

1935ರಲ್ಲಿ ಹುಟ್ಟಿದ ನ್ಯೂಯಾರ್ಕ್ ಚಲನಚಿತ್ರ ವಿಮರ್ಶಕರ ಬಳಗವೂ ಇಂಥ ಧೈರ್ಯ ತೋರಿದೆ. ಪತ್ರಿಕಾ ದೊರೆ ಹರ್ಸ್ಟ್ ‘ಸಿಟಿಜನ್ ಕೇನ್’ ಚಿತ್ರದ ಮೇಲೆ ಹಗೆ ಸಾಧಿಸುತ್ತಿದ್ದ 1941ರಲ್ಲಿ, ಆ ವರ್ಷದ ಅತ್ಯುತ್ತಮ ಚಿತ್ರ ಅದೇ ಎಂದು ಈ ಬಳಗ ಸಾರಿತು. ಆಸ್ಕರ್ ಹೋದದ್ದು ಬೇರೆ ಚಿತ್ರಕ್ಕೆ. ತೀರಾ ಹತ್ತಿರದ ಮಾತು ಬೇಕೇ? 2024ರಲ್ಲಿ ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾನ್ ಪ್ರೀ ಗೆದ್ದಿತು. ಆದರೂ ಭಾರತದಿಂದ ಆಸ್ಕರ್‌ಗೆ ಹೋಗುವ ಅಧಿಕೃತ ಚಿತ್ರವಾಗಿ ಅದು ಆಯ್ಕೆಯಾಗಲಿಲ್ಲ. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ವಿಮರ್ಶಕರ ಸೊಸೈಟಿ ಮಾತ್ರ ಆ ವರ್ಷದ ಅತ್ಯುತ್ತಮ ನಿರ್ದೇಶಕಿ ಎಂದು ಪಾಯಲ್ ಅವರನ್ನೇ ಆರಿಸಿತು. ಮುಂಬಯಿಯ ನರ್ಸ್‌ಗಳ ಬದುಕನ್ನು ಕಂಡ ಆ ಕಣ್ಣಿಗೆ ದೂರದ ವಿಮರ್ಶಕರು ಬೆಲೆ ಕೊಟ್ಟರು.

ಆತ್ಮಸಾಕ್ಷಿ ಮಾರಿಕೊಂಡರೆ ಏನಾಗುತ್ತದೆ ಎಂಬುದಕ್ಕೂ ಹಾಲಿವುಡ್‌ನಲ್ಲೇ ಪಾಠವಿದೆ. ಗೋಲ್ಡನ್ ಗ್ಲೋಬ್ ಕೊಡುತ್ತಿದ್ದ ಹಾಲಿವುಡ್ ವಿದೇಶಿ ಪತ್ರಕರ್ತರ ಸಂಘದ 30ಕ್ಕೂ ಹೆಚ್ಚು ಸದಸ್ಯರು ‘ಎಮಿಲಿ ಇನ್ ಪ್ಯಾರಿಸ್’ ಧಾರಾವಾಹಿಯ ಚಿತ್ರೀಕರಣ ನೋಡಲು ನಿರ್ಮಾಣದವರ ಖರ್ಚಿನಲ್ಲಿ ಫ್ರಾನ್ಸಿಗೆ ಹೋಗಿ ಪಂಚತಾರಾ ಹೋಟೆಲಿನಲ್ಲಿ ತಂಗಿದ್ದರು. ಮುಂದೆ ಆ ಧಾರಾವಾಹಿಗೆ ಎರಡು ನಾಮನಿರ್ದೇಶನ ಸಿಕ್ಕಿತು. 2021ರಲ್ಲಿ ‘ಲಾಸ್ ಏಂಜಲೀಸ್ ಟೈಮ್ಸ್’ ಇದನ್ನು ಬಯಲಿಗೆಳೆಯಿತು; 87 ಸದಸ್ಯರಲ್ಲಿ ಒಬ್ಬ ಕಪ್ಪು ವರ್ಣೀಯರೂ ಇಲ್ಲವೆಂಬುದೂ ಹೊರಬಿತ್ತು. ಮರುವರ್ಷದ ಸಮಾರಂಭವನ್ನು ಎನ್‌ಬಿಸಿ ವಾಹಿನಿ ಪ್ರಸಾರ ಮಾಡಲಿಲ್ಲ. 2023ರಲ್ಲಿ ಸಂಘವೇ ಮುಚ್ಚಿಹೋಯಿತು.

ಕನ್ನಡದ ವಿಮರ್ಶಕ ಗೆಳೆಯರೇ, ಈ ಎರಡು ದಾರಿಗಳೂ ನಿಮ್ಮ ಮುಂದಿವೆ. ನಮ್ಮ ಪತ್ರಕರ್ತರು ಕಟ್ಟಿದ ಚಂದನವನ ಫಿಲ್ಮ್ ಕ್ರಿಟಿಕ್ಸ್ ಅಕಾಡೆಮಿ ಈಗ ವರ್ಷವರ್ಷ ಪ್ರಶಸ್ತಿ ಕೊಡುತ್ತಿದೆ. ಇದು ಸಂತೋಷದ ಸಂಗತಿ. ಜೊತೆಗೇ ದೊಡ್ಡ ಹೊಣೆ. ಕನ್ನಡದಲ್ಲಿ ಎಷ್ಟೋ ಚಿತ್ರಗಳು ಶುಕ್ರವಾರ ಬಂದು ಸೋಮವಾರದ ಹೊತ್ತಿಗೆ ಥಿಯೇಟರಿನಿಂದ ಹೊರಬೀಳುತ್ತವೆ. ಸಾಲ ಮಾಡಿ, ಹೊಸ ಮುಖಗಳನ್ನು ನಂಬಿ, ತನ್ನೂರಿನ ಕಥೆ ಹೇಳಿದ ನಿರ್ದೇಶಕನಿಗೆ ಪೋಸ್ಟರ್ ಅಂಟಿಸಲೂ ದುಡ್ಡಿರುವುದಿಲ್ಲ. ಕೋಟಿಗಳ ಗಳಿಕೆ ಕಂಡ ತಾರೆಗೆ ನಿಮ್ಮ ಫಲಕ ಇನ್ನೊಂದು ಅಲಂಕಾರ. ಈ ನಿರ್ದೇಶಕನಿಗೆ ಅದು ಮುಂದಿನ ಚಿತ್ರದ ನಿರ್ಮಾಪಕನನ್ನೇ ತಂದುಕೊಡಬಹುದು.

ಅದಕ್ಕಾಗಿ ಕೇಳುತ್ತೇನೆ. ನೋಡದ ಚಿತ್ರದ ಬಗ್ಗೆ ತೀರ್ಪು ಕೊಡಬೇಡಿ. ಸಣ್ಣ ಚಿತ್ರಗಳನ್ನು ಹುಡುಕಿಕೊಂಡು ಹೋಗಿ ನೋಡಿ. ನಿರ್ಮಾಪಕರ ಖರ್ಚಿನ ಪ್ರವಾಸಕ್ಕೆ, ಉಡುಗೊರೆಗೆ ಕೈಚಾಚಬೇಡಿ. ಸಮಾರಂಭಕ್ಕೆ ತಾರೆ ಬರುತ್ತಾರೋ ಇಲ್ಲವೋ ಎಂಬ ಲೆಕ್ಕ ಹಾಕಿ ಮತ ಒತ್ತಬೇಡಿ. ಅಮೆರಿಕದ ಆ ರಾಷ್ಟ್ರೀಯ ವಿಮರ್ಶಕರ ಸೊಸೈಟಿ ಪ್ರತಿ ವಿಭಾಗದಲ್ಲೂ ಯಾರಿಗೆ ಎಷ್ಟು ಅಂಕ ಬಂತೆಂದು ಪ್ರಕಟಿಸುತ್ತದೆ. ನೀವೂ ಹಾಗೆ ಲೆಕ್ಕ ಬಿಚ್ಚಿಡಿ. ಗೆದ್ದ ಚಿತ್ರ ಏಕೆ ಗೆದ್ದಿತೆಂದು ನಾಲ್ಕು ಸಾಲು ಬರೆದು ಸಹಿ ಹಾಕಿ. ಒಂದು ವರ್ಷ ಯಾವುದಾದರೂ ವಿಭಾಗದಲ್ಲಿ ಯೋಗ್ಯವಾದದ್ದು ಏನೂ ಕಾಣದಿದ್ದರೆ, ಪ್ರಶಸ್ತಿ ಇಲ್ಲ ಎನ್ನುವ ಎದೆಗಾರಿಕೆಯೂ ಇರಲಿ.

ಪ್ರೇಕ್ಷಕರೇ, ನಿಮ್ಮ ಪಾಲೂ ಇದೆ. ನೆಚ್ಚಿನ ನಟನ ಚಿತ್ರವನ್ನು ಟೀಕಿಸಿದ ವಿಮರ್ಶಕನ ಮೇಲೆ ಜಾಲತಾಣದಲ್ಲಿ ಮುಗಿಬಿದ್ದು ಬೈದರೆ, ನಾಳೆ ನಿಮಗೆ ಸಿಗುವುದು ಹೆದರಿದವರ ಹೊಗಳಿಕೆ ಮಾತ್ರ. ನಿಷ್ಠುರವಾಗಿ ಬರೆಯುವವರನ್ನು ಓದಿ, ಅವರ ಬೆನ್ನಿಗೆ ನಿಲ್ಲಿ. ಅವರು ಪ್ರಶಸ್ತಿ ಕೊಟ್ಟ ಚಿತ್ರಕ್ಕೆ ಒಂದು ಟಿಕೆಟ್ ಕೊಳ್ಳಿ.

ವಿಮರ್ಶಕರೇ, ಈ ವರ್ಷದ ಮತಪತ್ರ ನಿಮ್ಮ ಕೈಸೇರಿದಾಗ ಯಾರ ಮುಖವನ್ನೂ ನೋಡಬೇಡಿ. ಚಿತ್ರವನ್ನು ನೋಡಿ, ಮತ ಹಾಕಿ.