ಕೊನೆಗೌಡನ ಬೆನ್ನಿಗೆ ಎಷ್ಟುದ್ದದ ಗಾಯ?

ಶಿರಸಿ ತಾಲ್ಲೂಕಿನ ಮತ್ತಿಘಟ್ಟದಂಥ ಘಟ್ಟದಂಚಿನ ಊರುಗಳಲ್ಲಿ ಮಳೆಗಾಲವೆಂದರೆ ಅಡಿಕೆ ಮರಕ್ಕೆ ಹಾವಸೆ ಹಿಡಿಯುವ ಕಾಲ. ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯಬೇಕಾದದ್ದೂ ಆಗಲೇ. ಮುಂಗಾರಿಗೆ ಮೊದಲು ಒಮ್ಮೆ ಹೊಡೆದರೆ, 40–45 ದಿನಕ್ಕೆ ಇನ್ನೊಮ್ಮೆ. 40–50 ಅಡಿ ಮೇಲೆ ಕುಳಿತ ಕೊನೆಗೌಡ, ಅಂದರೆ ಅಡಿಕೆ ಮರ ಹತ್ತುವ ಕೆಲಸಗಾರ, ಮರ ಬಾಗಿಸಿ ಪಕ್ಕದ ಮರಕ್ಕೆ ದಾಟುವಾಗ ಕೆಳಗಿದ್ದವರು ಉಸಿರು ಬಿಗಿಹಿಡಿದು ನೋಡುತ್ತಾರೆ. ಕೈ ಜಾರಿದರೆ ಹಿಡಿಯಲು ಅಲ್ಲೇನೂ ಇಲ್ಲ.

ಹೀಗೆ ಬಿದ್ದವರ ಬೆನ್ನುಮೂಳೆ ಹೆಚ್ಚಾಗಿ ಮುರಿಯುವುದು ಪಕ್ಕೆಲುಬಿನ ಆಸರೆ ಮುಗಿದು ಸೊಂಟ ಶುರುವಾಗುವ ಕಡೆ. ಮೇಲಿನ ಬೆನ್ನು ಬಿಗಿ, ಕೆಳಗಿನದು ಸಡಿಲ. ಕಾಲೂರಿ ಬಿದ್ದ ರಭಸವೆಲ್ಲ ಇವೆರಡೂ ಕೂಡುವಲ್ಲಿ ಬಂದು ನಿಲ್ಲುತ್ತದೆ. ಮೂಳೆ ಒಡೆದು ಅದರ ಚೂರು ಹಿಂದಕ್ಕೆ ಸರಿದರೆ ಬೆನ್ನುಹುರಿಗೇ ಒತ್ತು ಬೀಳುತ್ತದೆ. ಕಾಲಿನ ಶಕ್ತಿ, ಮೂತ್ರದ ಹಿಡಿತ ಎಲ್ಲವೂ ಆ ಚೂರು ಎಷ್ಟು ಸರಿದಿದೆ, ಎಷ್ಟು ಘಾಸಿ ಮಾಡಿದೆ ಎಂಬುದರ ಮೇಲೆ ನಿಂತಿರುತ್ತದೆ.

ಆಸ್ಪತ್ರೆ ಸೇರಿದ ಮೇಲೆ ಮನೆಯವರ ಮುಂದೆ ಬರುವ ಪ್ರಶ್ನೆ: ಬೆನ್ನು ಕೊಯ್ದು ಮಾಡುವ ಆಪರೇಷನ್ನೋ, ಸಣ್ಣ ತೂತಿನದೋ?

ಹಳೆಯ ವಿಧಾನದಲ್ಲಿ ಬೆನ್ನ ನಡುವೆ ಉದ್ದಕ್ಕೆ ಕೊಯ್ದು, ಮೂಳೆಗೆ ಅಂಟಿದ ಸ್ನಾಯುಗಳನ್ನು ಎರಡೂ ಬದಿಗೆ ಬಿಡಿಸಿ, ಮುರಿದ ಮೂಳೆಯ ಮೇಲೆ ಕೆಳಗೆ ಸ್ಕ್ರೂ ಹಾಕಿ ರಾಡ್ ಜೋಡಿಸುತ್ತಾರೆ. ಹೊಸದರಲ್ಲಿ ಒಂದೂವರೆ–ಎರಡು ಸೆಂಟಿಮೀಟರಿನ ಕೆಲವು ಗಾಯಗಳು ಸಾಕು. ಸಿ-ಆರ್ಮ್ ಎಕ್ಸ್‌ರೇ ನೋಡುತ್ತ ತಂತಿ ತೂರಿಸಿ, ಅದರ ಗುಂಟ ಸ್ಕ್ರೂ ಇಳಿಸಿ, ರಾಡನ್ನು ಚರ್ಮದಡಿಯಲ್ಲೇ ಸರಿಸುತ್ತಾರೆ. 1977ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಮಾಗರ್ಲ್ ಚರ್ಮದ ಮೂಲಕವೇ ಸ್ಕ್ರೂ ಇಳಿಸಿದರು. ಆಗ ರಾಡು ಮೈ ಹೊರಗಿರುತ್ತಿತ್ತು. ಅದನ್ನೂ ಒಳಗೆ ಕೂಡಿಸುವ ಉಪಕರಣ ಬಳಕೆಗೆ ಬಂದದ್ದು 2001ರ ಹೊತ್ತಿಗೆ, ಅಮೆರಿಕದ ಕೆವಿನ್ ಫೋಲಿ ಅವರಿಂದ.

ಸಣ್ಣ ಗಾಯದಲ್ಲಿ ರಕ್ತ ಕಡಿಮೆ ಹೋಗುತ್ತದೆ, ಮೊದಲ ವಾರಗಳ ನೋವು ಕಡಿಮೆ, ಮನೆಗೆ ಬೇಗ ಬರಬಹುದು. ದಿನಗೂಲಿಯವನಿಗೆ, ಅದೂ ಬೆನ್ನನ್ನೇ ನಂಬಿ ದುಡಿಯುವವನಿಗೆ, ಸ್ನಾಯು ಉಳಿಯುವುದು ಸಣ್ಣ ಮಾತಲ್ಲ. ಆದರೆ ವರ್ಷ ಕಳೆದ ಮೇಲೆ ಮೂಳೆ ಕೂಡಿದ ರೀತಿಯಲ್ಲಾಗಲಿ, ಓಡಾಟದಲ್ಲಾಗಲಿ ಎರಡೂ ವಿಧಾನಗಳ ನಡುವೆ ಹೇಳಿಕೊಳ್ಳುವಂಥ ಅಂತರ ಉಳಿಯುವುದಿಲ್ಲ. ಸಣ್ಣ ಗಾಯದ ಸ್ಕ್ರೂ-ರಾಡಿಗೆ ಬೆಲೆ ಜಾಸ್ತಿ, ಎಕ್ಸ್‌ರೇ ಕಿರಣವೂ ಜಾಸ್ತಿ. ಬೆನ್ನುಹುರಿಯ ಮೇಲೆ ಕೂತ ಚೂರನ್ನು ತೆಗೆಯಬೇಕಾದಾಗ, ಮೂಳೆ ಕೀಲು ತಪ್ಪಿ ಪಕ್ಕಕ್ಕೆ ಸರಿದಾಗ ತೆರೆದ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ದೊಡ್ಡ ಗಾಯಕ್ಕೆ ಹೆದರಿ ಹಿಂದೆ ಸರಿದರೆ ನಷ್ಟ ಆಗುವುದು ಕಾಲಿಗೆ.

ಮೂರನೆಯ ದಾರಿಯೂ ಒಂದಿದೆ. ಅದರ ಸುದ್ದಿ ಹಳ್ಳಿಗೆ ತಲುಪುವುದು ಕಡಿಮೆ. ನರಕ್ಕೆ ಪೆಟ್ಟಾಗದ, ಅಲುಗಾಡದ ಮುರಿತಕ್ಕೆ ಆಪರೇಷನ್ನೇ ಬೇಡದಿರಬಹುದು. ಅಂಥ 47 ರೋಗಿಗಳನ್ನು ಎರಡು ಗುಂಪು ಮಾಡಿ ಅಮೆರಿಕದ ವುಡ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಮೈಗೆ ಪ್ಲಾಸ್ಟರ್ ಅಥವಾ ಗಟ್ಟಿ ಬೆಲ್ಟ್ ಹಾಕಿ ಗುಣಪಡಿಸಿದವರಿಗೂ ಕೊಯ್ದು ಸರಿಪಡಿಸಿದವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. 16ರಿಂದ 22 ವರ್ಷಗಳ ನಂತರ ಮತ್ತೆ ನೋಡಿದಾಗ ಆಪರೇಷನ್ ಇಲ್ಲದವರಿಗೇ ನೋವು ಕಡಿಮೆಯಿತ್ತು. ಹಾಗಾಗಿ ಡಾಕ್ಟರರನ್ನು ಮೊದಲು ಕೇಳಬೇಕಾದದ್ದು ‘ಮೂಳೆ ಅಲುಗಾಡುತ್ತದೆಯೇ, ನರಕ್ಕೆ ಒತ್ತು ಬಿದ್ದಿದೆಯೇ’ ಎಂದು. ಗಾಯ ಎಷ್ಟುದ್ದ ಎಂಬ ಮಾತು ಆಮೇಲಿನದು.

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಇದಕ್ಕೂ ಮೊದಲಿನ ಕಷ್ಟ ದಾರಿಯದು. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್; ಮಣಿಪಾಲಕ್ಕೆ ಘಟ್ಟ ಇಳಿದು ಅದರ ಹತ್ತಿರ ಹತ್ತಿರ ಇಮ್ಮಡಿ ದೂರ ಹೋಗಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ಉಡುಪಿ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಗ ಮತ್ತೆ ಎದ್ದಿತು. ಅದು ನ್ಯಾಯದ ಕೂಗು. ಒತ್ತು ಬಿದ್ದ ನರಕ್ಕೆ ಒಂದೊಂದು ತಾಸೂ ದುಬಾರಿ.

ಬಿದ್ದವನನ್ನು ಎತ್ತುವ ರೀತಿಯಲ್ಲೂ ಬಹಳ ಕೆಡುತ್ತದೆ. ರಸ್ತೆಯಿಲ್ಲದ ಕಡೆ ಕಂಬಳಿಯ ಜೋಲಿ ಕಟ್ಟಿ ಹೊರುವುದು ನಮ್ಮ ಘಟ್ಟದ ರೂಢಿ. ಬೆನ್ನು ಮುರಿದವನಿಗೆ ಮಾತ್ರ ಅದು ಸಲ್ಲದು. ಜೋಲಿ ಬಗ್ಗಿದಷ್ಟೂ ಬೆನ್ನು ಬಗ್ಗುತ್ತದೆ, ಚೂರು ಇನ್ನಷ್ಟು ಸರಿಯಬಹುದು. ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಹೋಗುವುದು ಅದಕ್ಕಿಂತ ಅಪಾಯ. ಬಾಗಿಲ ಹಲಗೆಯೋ, ಅಡಿಕೆ ದಬ್ಬೆ ಒತ್ತಾಗಿ ಕಟ್ಟಿದ ತಟ್ಟಿಯೋ ಇದ್ದರೆ ಸಾಕು. ತಲೆ, ಬೆನ್ನು, ಕಾಲು ಒಂದೇ ನೇರದಲ್ಲಿರುವಂತೆ ನಾಲ್ಕು ಜನ ಕೂಡಿ ಒಟ್ಟಿಗೆ ಹೊರಳಿಸಿ ಮಲಗಿಸಬೇಕು.

ಸರ್ಕಾರದ ಪಾಲೂ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸಣ್ಣ ಗಾಯದ ವಿಧಾನ ಒಗ್ಗುವ ಮುರಿತಕ್ಕೆ ಅದರ ಸ್ಕ್ರೂ-ರಾಡಿನ ಹೆಚ್ಚುವರಿ ಬೆಲೆ ಕೂಲಿಯವನ ತಲೆಗೆ ಬೀಳದಂತೆ ದರ ನಿಗದಿಯಾಗಬೇಕು. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆಯಿದೆ. ಅಡಿಕೆ ಮರ ಹತ್ತುವವನಿಗೂ ಅಂಥದ್ದು ಸಿಗಬೇಕು. ಸಹಕಾರಿ ಸಂಘಗಳು ಮೈಲುತುತ್ತ, ಸುಣ್ಣ ಮಾರುವ ಜಾಗದಲ್ಲೇ ಊರಿಗೊಂದು ಗಟ್ಟಿ ಸ್ಟ್ರೆಚರ್ ಇಟ್ಟು, ಅದರಲ್ಲಿ ಮಲಗಿಸುವುದನ್ನು ಹತ್ತು ಮಂದಿಗೆ ಕಲಿಸಬಹುದು. ಮೊದಲ ಮದ್ದು ಹೊಡೆಯುವ ಮೊದಲೇ ಅದು ಬಂದರೆ ಒಳ್ಳೆಯದು.