ಉತ್ತರ ಸರಿ, ಅಂಕ ಸೊನ್ನೆ: ಇದು ಯಾವ ನ್ಯಾಯ?

ಶಿರಾದ ಪೋಷಕರೇ, ಗಣಿತದ ಮೇಷ್ಟ್ರುಗಳೇ,

20 ಮೂಟೆ ಕಡಲೆಕಾಯಿಯಲ್ಲಿ ಮುಕ್ಕಾಲು ಪಾಲು ಮಾರಿದರೆ ಎಷ್ಟು ಮೂಟೆ ಮಾರಿದಂತಾಯಿತು? ಆರನೇ ಕ್ಲಾಸಿನ ಹುಡುಗಿಯೊಬ್ಬಳು ಉದ್ದನೆಯ ಪಟ್ಟಿ ಬರೆದು, ನಾಲ್ಕು ಮನೆ ಮಾಡಿ, ಮನೆಗೆ ಐದರಂತೆ ಹಾಕಿ, ಮೂರು ಮನೆಗೆ ಪೆನ್ಸಿಲ್ ತೀಡಿದ್ದಳು. ಪಕ್ಕದಲ್ಲಿ 15. ಅದರ ಮೇಲೆ ಕೆಂಪು ಇಂಕಿನ ಅಡ್ಡಗೀಟು, 'ಕ್ರಮ ಎಲ್ಲಿ?' ಎಂಬ ಗದರಿಕೆ, ಸೊನ್ನೆ ಅಂಕ. ಆ ಪುಸ್ತಕ ನೋಡಿದಾಗಿನಿಂದ ನನ್ನ ಹೊಟ್ಟೆ ಉರಿಯುತ್ತಿದೆ. ಅವಳೀಗ ಚಿತ್ರ ಬರೆಯುವುದನ್ನೇ ಬಿಟ್ಟಿದ್ದಾಳೆ.

ಇಂಥ ಗೀಟು ನಿಮ್ಮ ಮನೆಯ ಪುಸ್ತಕದಲ್ಲೂ ಇರುತ್ತದೆ. 'ಬೋರ್ಡಲ್ಲಿ ಹಾಕಿದ ಹಾಗೇ ಬರಿ' ಎಂಬ ಒಂದೇ ಹಟ ಎಷ್ಟು ಮಕ್ಕಳನ್ನು ಗಣಿತದಿಂದ ಓಡಿಸಿತು! ಲೆಕ್ಕ ಕೇಳಿದೊಡನೆ ಒಬ್ಬರಿಗೆ ಚಿತ್ರ ಕಣ್ಣಿಗೆ ಕಟ್ಟುತ್ತದೆ, ಇನ್ನೊಬ್ಬರಿಗೆ ಬಾಯಲ್ಲಿ ಹೇಳಿಕೊಂಡರೇ ದಾರಿ ಸಿಗುವುದು, ಮತ್ತೊಬ್ಬರು ನೇರ ಸಮೀಕರಣಕ್ಕೇ ಕೈ ಹಾಕುತ್ತಾರೆ. ಎಲ್ಲಿಂದಲಾದರೂ ಹೊರಡಲಿ, ಚಿತ್ರದಿಂದ ಕೋಷ್ಟಕಕ್ಕೆ, ನಕ್ಷೆಗೆ, ಸಮೀಕರಣಕ್ಕೆ ದಾಟಿಸುವುದೇ ಕಲಿಸುವವರ ಕೆಲಸ. ಕೈಯಿಂದ ಮಾಡುವುದು, ಚಿತ್ರದಲ್ಲಿ ಕಾಣುವುದು, ಚಿಹ್ನೆಯಲ್ಲಿ ಬರೆಯುವುದು, ಮೂರೂ ಅರಿವಿನ ರೂಪಗಳೇ ಎಂದು ಮನಃಶಾಸ್ತ್ರಜ್ಞ ಜೆರೋಮ್ ಬ್ರೂನರ್ 1966ರಲ್ಲೇ ಬರೆದರು. ನಮ್ಮ ನಲಿಕಲಿಯಲ್ಲಿ ಮೂರನೇ ತರಗತಿವರೆಗೆ ಕಡ್ಡಿ, ಬೀಜ, ಕಾರ್ಡು ಎಲ್ಲ ಇವೆ. ನಾಲ್ಕು, ಐದಕ್ಕೆ ಗಣಿತ ಕಲಿಕಾ ಆಂದೋಲನದ ಕಿಟ್ ಇದೆ. ಅದು ಬೀರುವಿನಿಂದ ಹೊರಗೆ ಬರುತ್ತದೆಯೇ? ಹೋಗಿ ಕೇಳಿ.

ಮೇಷ್ಟ್ರೇ, 'ಪೋರ್ಷನ್ ಮುಗಿಸಬೇಕು' ಎನ್ನುತ್ತೀರಿ. ಮುಗಿಸಿ ಏನು ಬಂತು? ಹತ್ತನೇ ತರಗತಿಯವನು ಪಾಸಿಂಗ್ ಪ್ಯಾಕೇಜ್ ಉರುಹೊಡೆದು ಎರಡು ಸರಳರೇಖೆ ಎಳೆಯುತ್ತಾನೆ, ಅಂಕವೂ ಬರುತ್ತದೆ. ಅವು ಕೂಡಿದ ಬಿಂದು ಏನು ಹೇಳುತ್ತದೆಂದು ಕೇಳಿದರೆ ಮುಖ ನೋಡುತ್ತಾನೆ. ಎಸ್‌ಎಸ್‌ಎಲ್‌ಸಿ ಮಾದರಿ ಉತ್ತರಗಳಲ್ಲೇ 'ಪರ್ಯಾಯ ವಿಧಾನ' ಎಂದು ಅಚ್ಚಾಗಿರುವಾಗ, ಆರನೇ ಕ್ಲಾಸಿನ ಮಗುವಿಗೆ ಆ ಹಕ್ಕನ್ನು ಇಲ್ಲವೆನ್ನಲು ನೀವ್ಯಾರು?

ಪೋಷಕರೇ, ನಿಮ್ಮದೂ ತಪ್ಪಿದೆ. ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುತ್ತೀರಿ, ಪುಸ್ತಕ ತೆಗೆದು ನೋಡುವುದಿಲ್ಲ. ಹಾಗೆಂದು 'ನಮ್ಮವನು ಚಿತ್ರದ ಹುಡುಗ, ಸಮೀಕರಣ ಆಗಲ್ಲ' ಎಂದು ಹಣೆಪಟ್ಟಿಯನ್ನೂ ಹಚ್ಚಬೇಡಿ. ಅದೂ ಮಗುವಿಗೆ ಮಾಡುವ ಅನ್ಯಾಯವೇ.

ಮೇಷ್ಟ್ರೇ, ಕೆಂಪು ಪೆನ್ನು ಎತ್ತುವ ಮೊದಲು 'ಇದು ನಿನಗೆ ಹೇಗೆ ಹೊಳೀತು?' ಎಂದು ಕೇಳಿ. ಅದಕ್ಕೆ ದುಡ್ಡು ಬೇಡ, ಆದೇಶ ಬೇಡ. ಪೋಷಕರೇ, ಮುಂದಿನ ಎಸ್‌ಡಿಎಂಸಿ ಸಭೆಗೆ ಬರಿಗೈಲಿ ಹೋಗಬೇಡಿ. ಮಗುವಿನ ಗಣಿತದ ನೋಟ್‌ಬುಕ್ ಹಿಡಿದು ಹೋಗಿ, ಸರಿ ಉತ್ತರಕ್ಕೆ ಗೀಟು ಬಿದ್ದಿರುವ ಪುಟ ತೆರೆದು, ಯಾಕೆಂದು ಎಲ್ಲರೆದುರು ಕೇಳಿ.