ಪುರಾವೆ ಕೊಡಬೇಕಾದವರು ನೀವು

ಗೇರಿನ ಚಿಗುರು ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು ಹೆಲಿಕಾಪ್ಟರ್ ಬಂತು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಅದು ಕಾಸರಗೋಡಿನ ಗುಡ್ಡಗಳ ಮೇಲೆ ವರ್ಷವರ್ಷವೂ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ತೋಟ ಸರ್ಕಾರದ್ದು, ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನದು. ಗುಡ್ಡದ ಮೇಲೆ ಗೇರು, ತಪ್ಪಲಿನಲ್ಲಿ ಕನ್ನಡ, ತುಳು, ಮಲಯಾಳ ಮಾತಾಡುವ ಬಡವರ ಮನೆಗಳು. ಅಲ್ಲಿನ ಎಣ್ಮಕಜೆ ಎಂಬ ಊರಿನ ಜನ ಕುಡಿಯುತ್ತಿದ್ದದ್ದು ಗುಡ್ಡದ ಹೊಟ್ಟೆ ಕೊರೆದು ತೆಗೆದ ಸುರಂಗದ ನೀರು. ಮೇಲೆ ಬಿದ್ದ ವಿಷ ಕೆಳಗಿಳಿಯುತ್ತದೆಂದು ತಿಳಿಯಲು ಡಾಕ್ಟರೇಟ್ ಬೇಕಿತ್ತೆ?

ಮೊದಲು ಹೇಳಿದ್ದು ಕರುಗಳು. ಕೈಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆ ಬರೆದದ್ದು 1980ರ ಆಸುಪಾಸಿನಲ್ಲಿ. ಯಾರೂ ಕಿವಿಗೊಡಲಿಲ್ಲ. ಆಮೇಲೆ ಮಕ್ಕಳು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಪುಟ್ಟ ಊರಿನಲ್ಲಿ ಇಷ್ಟೊಂದು ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್ ಯಾಕೆ ಎಂದು ಕೇಳಿದರು. ಮನೆಮನೆಯ ಕಾಯಿಲೆ ಗುರುತಿಸಿದರು, ಬರೆದರು, ಕೂಗಿದರು. ಕೃಷಿ ಇಲಾಖೆಯಲ್ಲೇ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಸಿಂಪಡಣೆ ನಿಲ್ಲಿಸಿ ಎಂದು ಕೋರ್ಟಿನ ಮೆಟ್ಟಿಲು ಹತ್ತಿದರು.

ಅಧಿಕಾರದಲ್ಲಿದ್ದವರ ಉತ್ತರ ಒಂದೇ: ವೈಜ್ಞಾನಿಕ ಪುರಾವೆ ಇಲ್ಲ.

ನನ್ನ ಸಿಟ್ಟು ಇರುವುದು ಈ ಮಾತಿನ ಮೇಲೆ. ಯಾವ ಕಾಯಿಲೆ ಎಂಡೋಸಲ್ಫಾನಿನಿಂದ ಬಂತು, ಯಾವುದು ಬರಲಿಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಪ್ರಶ್ನೆಯನ್ನು ಸುರಿಯುವ ಮುಂಚೆ ಕೇಳಬೇಕಿತ್ತು. ಸುರಿದು ಮುಗಿಸಿ, ಹಾಸಿಗೆ ಹಿಡಿದ ಮಗುವಿನ ಮುಂದೆ ನಿಂತು ಸಾಬೀತು ಮಾಡು ಎನ್ನುವುದು ವಿಜ್ಞಾನವಲ್ಲ, ದೌರ್ಜನ್ಯ. ವಿಷ ಮಾಡಿದವನಿಗೆ ಅನುಮಾನದ ಲಾಭ, ವಿಷ ಉಂಡವಳಿಗೆ ಪುರಾವೆಯ ಹೊರೆ! ಯಾವ ಪ್ರಯೋಗಶಾಲೆ ಕಲಿಸಿದ ನೀತಿ ಇದು?

ಪುರಾವೆಯೂ ಬಂತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಸಿಂಪಡಣೆಯ ಊರಿನ 117 ಹುಡುಗರನ್ನು ಬೇರೆ ಊರಿನ 90 ಹುಡುಗರ ಜೊತೆ ಹೋಲಿಸಿ ನೋಡಿದರು. ವಿಷದ ಊರಿನ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಅವರು ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತು. 2003ರಲ್ಲಿ ಅದು ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಆಗೇನಾಯಿತು? ಆ ಅಧ್ಯಯನವೇ ಸರಿಯಿಲ್ಲ ಎಂಬ ತಗಾದೆ ಎದ್ದಿತು. ದಿಲ್ಲಿಯಲ್ಲಿ ಒಂದರ ಮೇಲೊಂದು ಸಮಿತಿ ಕೂತಿತು, ಕಾಯಿಲೆಗೂ ಮದ್ದಿಗೂ ನಂಟಿಲ್ಲ ಎಂದಿತು. ಅವರಿಗೆ ಬೇಕಿದ್ದದ್ದು ಪುರಾವೆಯಲ್ಲ, ಕಾಲಾವಕಾಶ. ಒಂದೊಂದು ಸಮಿತಿಯೂ ಇನ್ನೊಂದಿಷ್ಟು ವರ್ಷದ ಮಾರಾಟ.

ಈ ವಿಷ ತಯಾರಿಸುತ್ತಿದ್ದವರಲ್ಲಿ ಸರ್ಕಾರದ್ದೇ ಕಂಪನಿ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಕೂಡ ಇತ್ತು. ತಯಾರಿಸುವವನೂ ಸಿಂಪಡಿಸುವವನೂ ತೀರ್ಪು ಕೊಡುವವನೂ ಒಂದೇ ಮನೆಯವರಾದರೆ ಬಡವ ದೂರು ಕೊಡುವುದು ಯಾರಿಗೆ? ಜಗತ್ತಿನ ಹತ್ತಾರು ದೇಶಗಳು ಇದನ್ನು ಹೊರಹಾಕಿದ ಮೇಲೂ ದಿಲ್ಲಿ ಇದರ ಪರ ವಾದಿಸುತ್ತಲೇ ಇತ್ತು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸೇರಿದ, ಹಾನಿಕರ ರಾಸಾಯನಿಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಜಾಗತಿಕ ನಿಷೇಧಕ್ಕೆ ತೀರ್ಮಾನಿಸಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ಇಲ್ಲಿ ಈ ವಿಷವನ್ನು ತಡೆಯಿತು. ನಮ್ಮ ವಿಜ್ಞಾನದ ಆತ್ಮಸಾಕ್ಷಿಯನ್ನು ಎಬ್ಬಿಸಲು ನ್ಯಾಯಾಧೀಶರೇ ಬರಬೇಕಾಯಿತು.

ಇದು ಕೇರಳದ ಕತೆ ಎಂದು ಕರ್ನಾಟಕ ಮುಖ ತಿರುಗಿಸುವ ಹಾಗಿಲ್ಲ. ನಮ್ಮದೇ ಗೇರು ಅಭಿವೃದ್ಧಿ ನಿಗಮ ದಕ್ಷಿಣ ಕನ್ನಡದಲ್ಲಿ ಇದನ್ನೇ ಆಕಾಶದಿಂದ ಸುರಿಯಿತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದಲ್ಲಿ, ಪಟ್ರಮೆಯಲ್ಲಿ ದೊಡ್ಡವರಾದ ಮಕ್ಕಳನ್ನು ಇಂದೂ ಎತ್ತಿ ಮೀಯಿಸುವ ಅಮ್ಮಂದಿರಿದ್ದಾರೆ. ಪ್ರಗತಿಯ ಬೆಲೆಯನ್ನು ದಿನವೂ ತಮ್ಮ ಸೊಂಟದಿಂದ ಕಟ್ಟುತ್ತಿರುವವರು ಅವರು. ನಾವು ಸತ್ತ ಮೇಲೆ ಈ ಮಗುವಿಗೆ ಯಾರು ಎಂಬ ಭಯ ಅವರದು.

ಪರಿಹಾರದ ಕತೆ ಕೇಳಿ. ಪ್ರತಿ ಸಂತ್ರಸ್ತರಿಗೂ 5 ಲಕ್ಷ ಕೊಡಿ, ಮೂರು ತಿಂಗಳೊಳಗೆ ಕೊಡಿ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳಕ್ಕೆ ಹೇಳಿತು. 2022ರ ಮೇ ತಿಂಗಳಲ್ಲಿ ಲೆಕ್ಕ ಕೇಳಿದರೆ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಜನಕ್ಕೆ. ಆ ಎಂಟು ಮಂದಿ ಮತ್ತೆ ಕೋರ್ಟಿಗೆ ಹೋದವರು. ವಿಷಕ್ಕೆ ಹೆಲಿಕಾಪ್ಟರ್ ಇತ್ತು, ಪರಿಹಾರಕ್ಕೆ ಎತ್ತಿನ ಗಾಡಿಯೂ ಇರಲಿಲ್ಲ.

ನನ್ನನ್ನು ವಿಜ್ಞಾನ ವಿರೋಧಿ ಎನ್ನಬೇಡಿ. ಈ ಕತೆಯಲ್ಲಿ ನಿಜವಾದ ವಿಜ್ಞಾನ ನಡೆದದ್ದು ವಾಣಿನಗರದ ಆ ವೈದ್ಯರ ಕೋಣೆಯಲ್ಲಿ. ಕಂಡದ್ದನ್ನು ಬರೆದಿಡುವುದು, ಯಾಕೆ ಎಂದು ಕೇಳುವುದು, ಬಲಾಢ್ಯರಿಗೆ ಹೆದರದಿರುವುದು ವಿಜ್ಞಾನ. ದಿಲ್ಲಿಯ ಸಮಿತಿಗಳು ಅದರ ವೇಷ ತೊಟ್ಟಿದ್ದವು, ಅಷ್ಟೆ.

ನಾಳೆ ಹೊಸ ಮದ್ದು ಬರುತ್ತದೆ, ಹೊಸ ಬೀಜ ಬರುತ್ತದೆ, ಹೆಲಿಕಾಪ್ಟರಿನ ಜಾಗಕ್ಕೆ ಡ್ರೋನ್ ಬಂದಾಗಿದೆ. ನಮ್ಮ ಗುಡ್ಡಕ್ಕೆ, ನಮ್ಮ ನೀರಿಗೆ ಏನಾದರೂ ಸುರಿಯುವ ಮುಂಚೆ ಅಪಾಯವಿಲ್ಲವೆಂದು ನೀವು ತೋರಿಸಿ, ನಿಮ್ಮ ಖರ್ಚಿನಲ್ಲಿ, ನಮ್ಮ ಊರಿನಲ್ಲಿ, ನಮ್ಮ ಭಾಷೆಯಲ್ಲಿ. ತೋರಿಸಲಾಗದಿದ್ದರೆ ಬರಬೇಡಿ. ಪುರಾವೆ ಕೊಡಲು ನಮ್ಮಲ್ಲಿ ಇನ್ನು ಮಕ್ಕಳಿಲ್ಲ.